ಚೌಕಳಿಯಲ್ಲಿ ಕಟ್ಟಿದ ಅಕ್ಷರ: ಪಿಕ್ಸೆಲ್ ಫಾಂಟಿನ ವಿನ್ಯಾಸ ಮತ್ತು ಬಳಕೆ

ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಪ್ರತಿಯೊಂದು ಅಕ್ಷರವೂ ಸಾಲುಸಾಲಾಗಿ ಜೋಡಿಸಿದ ಸಣ್ಣ ಚುಕ್ಕೆಗಳಿಂದ ಆದುದು. ಪರದೆಯ ಈ ಅತಿ ಸಣ್ಣ ಘಟಕಕ್ಕೆ ಪಿಕ್ಸೆಲ್ ಎಂದು ಹೆಸರು. ಇಂದಿನ ಮೊಬೈಲ್ ಫೋನುಗಳಲ್ಲಿ ಈ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣದಷ್ಟು ಒತ್ತಾಗಿರುವುದರಿಂದ ಅಕ್ಷರದ ಬಾಗು ಬಳುಕುಗಳು ಅಚ್ಚಿನ ಪುಸ್ತಕದಲ್ಲಿರುವಂತೆಯೇ ನುಣುಪಾಗಿ ತೋರುತ್ತವೆ. 1970 ಮತ್ತು 1980ರ ದಶಕಗಳಲ್ಲಿ ಚುಕ್ಕೆಗಳು ದಪ್ಪವಾಗಿದ್ದವು, ಮೆಮೊರಿ ದುಬಾರಿಯಾಗಿತ್ತು. ಆದಕಾರಣ ಚೌಕಳಿಯೊಂದರಲ್ಲಿ ಯಾವ ಮನೆ ತುಂಬಬೇಕು, ಯಾವುದು ಖಾಲಿ ಉಳಿಯಬೇಕು ಎಂಬುದನ್ನು ಒಂದೊಂದಾಗಿ ತೀರ್ಮಾನಿಸಿ ಅಕ್ಷರವನ್ನು ಕಟ್ಟಬೇಕಾಗಿತ್ತು. ಹೀಗೆ ಕಟ್ಟಿದ ಅಕ್ಷರಗಳ ಸಮೂಹವೇ ಪಿಕ್ಸೆಲ್ ಫಾಂಟ್.

ಆ ಕಾಲದ ವಿಡಿಯೊ ಆಟಗಳಲ್ಲಿಯೂ ಮನೆಬಳಕೆಯ ಕಂಪ್ಯೂಟರುಗಳಲ್ಲಿಯೂ ಹೆಚ್ಚಾಗಿ ಕಂಡುಬರುತ್ತಿದ್ದುದು ಎಂಟು ಸಾಲು, ಎಂಟು ಕಂಬಸಾಲುಗಳ ಚೌಕಳಿ. ತುಂಬಿದ ಮನೆಗೆ 1, ಖಾಲಿ ಮನೆಗೆ 0 ಎಂದು ಬರೆದರೆ ಒಂದು ಸಾಲಿಗೆ ಎಂಟು ಅಂಕಿಗಳು, ಅಂದರೆ ಒಂದು ಬೈಟ್ ಸಾಕಾಗುತ್ತದೆ. ಒಂದು ಅಕ್ಷರಕ್ಕೆ ಎಂಟು ಬೈಟ್, 128 ಚಿಹ್ನೆಗಳಿಗೆ 1,024 ಬೈಟ್. ರೋಮನ್ ಲಿಪಿಯ ದೊಡ್ಡಕ್ಷರ ‘ಎಚ್’ ಅನ್ನು ಈ ಕ್ರಮದಲ್ಲಿ 198, 198, 198, 254, 198, 198, 198, 0 ಎಂಬ ಎಂಟು ಸಂಖ್ಯೆಗಳಾಗಿ ಬರೆಯಬಹುದು. 198 ಎಂದರೆ 11000110, ಅಂದರೆ ಎರಡು ಚುಕ್ಕೆ ದಪ್ಪದ ಎರಡು ಕಂಬಗಳು. 254 ಎಂದರೆ 11111110, ಅಂದರೆ ಕಂಬಗಳನ್ನು ಕೂಡಿಸುವ ಅಡ್ಡಪಟ್ಟಿ. ಕೊನೆಯ ಸೊನ್ನೆಯ ಸಾಲೂ ಬಲಗಡೆಯ ಖಾಲಿ ಕಂಬಸಾಲೂ ನೆರೆಯ ಅಕ್ಷರಗಳು ಒಂದಕ್ಕೊಂದು ತಾಗದಂತೆ ತಡೆಯುವ ಅಂತರ.

ಕಂಬಕ್ಕೆ ಎರಡು ಚುಕ್ಕೆ, ಅಡ್ಡಗೆರೆಗೆ ಒಂದೇ ಚುಕ್ಕೆ ಇರುವುದಕ್ಕೆ ಕಾರಣವಿದೆ. ಹಳೆಯ ಟಿ.ವಿ. ಕೊಳವೆಯಲ್ಲಿ ಎಲೆಕ್ಟ್ರಾನು ಕಿರಣವು ಎಡದಿಂದ ಬಲಕ್ಕೆ ಸಾಲು ಎಳೆಯುತ್ತ ಹೋಗುವಾಗ, ಒಂದೇ ಚುಕ್ಕೆಯ ಅಗಲದ ಕಂಬಕ್ಕಾಗಿ ಅದು ಕ್ಷಣಾರ್ಧದಲ್ಲಿ ಹೊತ್ತಿ ಆರಬೇಕಾಗುತ್ತಿತ್ತು ಮತ್ತು ಆ ಚುಕ್ಕೆ ಮಸುಕಾಗಿ ಹರಡಿಕೊಳ್ಳುತ್ತಿತ್ತು. ಅಡ್ಡಗೆರೆಯಲ್ಲಿ ಕಿರಣವು ಬೆಳಗುತ್ತಲೇ ಸಾಗುವುದರಿಂದ ಅಲ್ಲಿ ಆ ತೊಡಕು ಇರಲಿಲ್ಲ.

ಈ ಕಲೆಯ ಅತ್ಯುತ್ತಮ ನಿದರ್ಶನವೆಂದರೆ 1984ರಲ್ಲಿ ಬಂದ ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಸೂಸನ್ ಕೇರ್ ರೂಪಿಸಿದ ‘ಶಿಕಾಗೊ’ ಫಾಂಟ್. 512 ಅಡ್ಡ, 342 ಉದ್ದ ಚುಕ್ಕೆಗಳ ಆ ಪರದೆಯಲ್ಲಿ ಚುಕ್ಕೆಯೊಂದು ಕಪ್ಪಾಗಿರಬೇಕು ಇಲ್ಲವೆ ಬಿಳಿಯಾಗಿರಬೇಕು. ಬೂದುಬಣ್ಣಕ್ಕೆ ಅವಕಾಶವೇ ಇರಲಿಲ್ಲ. ಆದರೂ ಆ ಕ್ಷಣಕ್ಕೆ ಬಳಸಲಾಗದ ಆಯ್ಕೆಗಳನ್ನು ಮೆನುವಿನಲ್ಲಿ ಮಂಕಾಗಿ ತೋರಿಸಬೇಕಾಗಿದ್ದುದರಿಂದ, ಚದುರಂಗದ ಮಣೆಯ ಮಾದರಿಯಲ್ಲಿ ಒಂದು ಬಿಟ್ಟು ಒಂದರಂತೆ ಚುಕ್ಕೆಗಳನ್ನು ಅಳಿಸುವ ಉಪಾಯವನ್ನು ಬಳಸಲಾಯಿತು. ಕಂಬವು ಒಂದೇ ಚುಕ್ಕೆಯಷ್ಟು ಅಗಲವಾಗಿದ್ದರೆ ಈ ಅಳಿಸುವಿಕೆಯಿಂದ ಅದು ತುಂಡುತುಂಡಾಗುತ್ತಿತ್ತು. ಶಿಕಾಗೊದ ಕಂಬಗಳಿಗೆ ಎರಡು ಚುಕ್ಕೆಯ ಅಗಲವಿದ್ದುದರಿಂದ ಪ್ರತಿ ಸಾಲಿನಲ್ಲಿಯೂ ಒಂದು ಚುಕ್ಕೆ ಉಳಿದು, ಅಕ್ಷರ ಮಂಕಾದರೂ ಓದಿಗೆ ದಕ್ಕುತ್ತಿತ್ತು. ಓರೆಗೆರೆಗಳಲ್ಲಿ ಮೆಟ್ಟಿಲುಗಳು ಎದ್ದು ಕಾಣದಿರಲೆಂದು ಕೇರ್ ನೆಟ್ಟಗಿನ, ಅಡ್ಡದ ಮತ್ತು 45 ಡಿಗ್ರಿ ಓರೆಯ ಗೆರೆಗಳನ್ನೇ ನೆಚ್ಚಿಕೊಂಡರು. ಬಟ್ಟೆಯ ಎಳೆಗಳನ್ನು ಎಣಿಸಿ, ನೇರ ಮತ್ತು ಓರೆ ಹೊಲಿಗೆಗಳಲ್ಲಿಯೇ ಗೋಪುರವನ್ನೂ ತೇರನ್ನೂ ಮೂಡಿಸುವ ಉತ್ತರ ಕರ್ನಾಟಕದ ಕಸೂತಿಯನ್ನು ಬಲ್ಲವರಿಗೆ ಈ ಶಿಸ್ತು ಅಪರಿಚಿತವೆನಿಸದು.

ಮುಂದೆ ಪೋಸ್ಟ್‌ಸ್ಕ್ರಿಪ್ಟ್ ಮತ್ತು 1991ರಲ್ಲಿ ಬಂದ ಟ್ರೂಟೈಪ್ ತಂತ್ರಗಳು ಅಕ್ಷರವನ್ನು ಚುಕ್ಕೆಗಳ ಬದಲು ಹೊರಗೆರೆಯ ಗಣಿತಸೂತ್ರವಾಗಿ ದಾಖಲಿಸತೊಡಗಿ, ಒಂದೇ ವಿನ್ಯಾಸವನ್ನು ಯಾವ ಗಾತ್ರಕ್ಕಾದರೂ ಹಿಗ್ಗಿಸಲು ದಾರಿ ಮಾಡಿದವು. ಇಂದು ಹಳೆಯ ಸೊಬಗಿಗಾಗಿ ಬಳಸುವ ‘ಪ್ರೆಸ್ ಸ್ಟಾರ್ಟ್ 2ಪಿ’ಯಂಥ ಪಿಕ್ಸೆಲ್ ಫಾಂಟುಗಳೂ ಹೊರಗೆರೆಯ ಫಾಂಟುಗಳೇ, ಅವುಗಳಲ್ಲಿ ಹಳೆಯ ಚುಕ್ಕೆಗಳು ಚೌಕಾಕೃತಿಗಳಾಗಿ ಉಳಿದುಕೊಂಡಿವೆ. ಇವುಗಳ ಬಳಕೆಗೆ ಒಂದು ನಿಯಮವುಂಟು: ಎಂಟು ಚುಕ್ಕೆಗಳ ಫಾಂಟನ್ನು 8, 16, 24 ಹೀಗೆ ಎಂಟರ ಮಗ್ಗಿಯ ಗಾತ್ರಗಳಲ್ಲಿಯೇ ಬಳಸಬೇಕು. ಅದನ್ನು 12ಕ್ಕೆ ಏರಿಸಿದರೆ ಪ್ರತಿ ಚುಕ್ಕೆಯ ಪಾಲಿಗೆ ಪರದೆಯ ಒಂದೂವರೆ ಚುಕ್ಕೆ ಬಂದು, ಗೆರೆಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾಗುತ್ತವೆ, ಇಲ್ಲವೆ ಅಂಚುಗಳು ಮಸುಕಾಗುತ್ತವೆ. ಶೀರ್ಷಿಕೆಗೆ, ಆಟದ ಅಂಕಗಳಿಗೆ, ಚಿಕ್ಕ ಪರದೆಯ ಸೂಚನೆಗಳಿಗೆ ಇವು ಒಪ್ಪುತ್ತವೆ. ಪುಟಗಟ್ಟಲೆ ಓದಿಗೆ ಕಣ್ಣನ್ನು ದಣಿಸುತ್ತವೆ.

ಕನ್ನಡಕ್ಕೆ ಎಂಟು ಸಾಲುಗಳ ಚೌಕಳಿ ಸಾಲದು. ತಲೆಕಟ್ಟು, ಗುಡಿಸು, ದೀರ್ಘದ ಕೊಂಬು, ಕೆಳಗಿನ ಒತ್ತಕ್ಷರ ಎಲ್ಲಕ್ಕೂ ಜಾಗ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಎರಡು ಒತ್ತುಗಳನ್ನು ಹೊರುತ್ತದೆ. ಹದಿನಾರು ಸಾಲುಗಳ ಎತ್ತರದ ‘ಯೂನಿಫಾಂಟ್’ ಕನ್ನಡ ಚಿಹ್ನೆಗಳನ್ನು ಒಳಗೊಂಡಿದೆಯಾದರೂ ಒತ್ತಕ್ಷರಗಳ ಹೊಂದಾಣಿಕೆ ಚೌಕಳಿಯ ಲಿಪಿಗೆ ಎಂದಿಗೂ ಕಠಿಣ ಪರೀಕ್ಷೆಯೇ. ‘ರ’ದ ಒಡಲಲ್ಲಿ ಒಂದು ಚುಕ್ಕೆ ಬಿದ್ದರೆ ಅದು ‘ಠ’. ‘ದ’ದ ಬುಡದಲ್ಲಿ ಒಂದು ಕಿರುಗೀರು ಮೂಡಿದರೆ ಅದು ‘ಧ’. ಅಲಂಕಾರಕ್ಕೆ ಎಡೆಯಿಲ್ಲದ ಈ ಇಕ್ಕಟ್ಟಿನಲ್ಲಿ ವಿನ್ಯಾಸಕಾರನು ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ಅಕ್ಷರವೇ ಬೇರೆಯಾಗುತ್ತದೆ ಎಂದು ಚುಕ್ಕೆ ಚುಕ್ಕೆಗೂ ನಿರ್ಧರಿಸಬೇಕಾಗುತ್ತದೆ. ‘ಧನ’ವನ್ನು ‘ದನ’ವಾಗಲು ಬಿಡದ ಆ ಒಂದು ಚುಕ್ಕೆಯ ಬೆಲೆಯನ್ನು ನುಣುಪಾದ ಪರದೆಗಿಂತ ಒರಟು ಚೌಕಳಿಯೇ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.