ಗುಬ್ಬಿಗೆ ಕಾಳಷ್ಟೇ ಸಾಲದು

ಆದವಾನಿ ಪೇಟೆಯಲ್ಲಿ ನಮ್ಮ ಹಳೇ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ ವರ್ಷವೇ ಗುಬ್ಬಿಗಳು ಜಾಗ ಖಾಲಿ ಮಾಡಿದವು. ತೊಲೆ, ಜಂತಿಗಳ ಸಂದಿಯಲ್ಲಿ ಅಜ್ಜನ ಕಾಲದಿಂದ ಗೂಡು ಕಟ್ಟಿಕೊಂಡಿದ್ದವು. ಹೊಸ ಗೋಡೆಯಲ್ಲಿ ಒಂದು ಬಿರುಕೂ ಇಲ್ಲ ಅಂತ ನಮಗೆ ಹೆಮ್ಮೆ. ಗುಬ್ಬಿಗೆ ಬೇಕಾದದ್ದೇ ಆ ಬಿರುಕು.

1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು ನಮ್ಮದು. ಓಣಿಯಲ್ಲಿ ಒಂದು ಮನೆಯವರಿಗೆ ಅದು ಗುಬ್ಬಿ, ಪಕ್ಕದ ಮನೆಯವರಿಗೆ ಪಿಚ್ಚುಕ. ಯಾವ ಹೆಸರು ಹಿಡಿದು ಕರೆದರೂ ಬರದಂತಾಯಿತು.

ಮನೆ ಹಿಂದೆ ಇಪ್ಪತ್ತಡಿ ಹಿತ್ತಲು ಉಳಿದಿತ್ತು. ದಿನಾ ಸಜ್ಜೆ, ನವಣೆ ಚೆಲ್ಲಿದೆ. ಗುಬ್ಬಿಗಳು ಬಂದವು, ತಿಂದವು, ಹೋದವು. ಮರದ ಡಬ್ಬಿ ಕಟ್ಟಿದ ಮೇಲೆ ಒಂದು ಜೋಡಿ ನಿಂತಿತು. ಮರಿಗಳ ಚಿಲಿಪಿಲಿಯೂ ಕೇಳಿತು. ಅದೇ ವಾರ ಕರಿಬೇವಿಗೆ ಹುಳ ಬಿದ್ದಿತ್ತು. ಹತ್ತಿಗೆ ತಂದು ಉಳಿದಿದ್ದ ಔಷಧಿಯನ್ನು ಅದಕ್ಕೆ ಹೊಡೆದೆ. ನಾಲ್ಕನೇ ದಿನ ಡಬ್ಬಿಯಲ್ಲಿ ಸದ್ದಿಲ್ಲ.

ದೊಡ್ಡ ಗುಬ್ಬಿ ಕಾಳು ತಿಂದು ಬದುಕುತ್ತದೆ. ಮರಿಗೆ ಮೊದಲ ದಿನಗಳಲ್ಲಿ ಮೆತ್ತನೆಯ ಹುಳುವೇ ಆಹಾರ. ವಿಷದ ಹುಳ ತಿಂದರೂ ಸಾವು, ಹುಳ ಸಿಗದಿದ್ದರೂ ಸಾವು. ಎರಡಕ್ಕೂ ದಾರಿ ಮಾಡಿದವನು ನಾನೇ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂತೀವಿ, ತೆಲುಗಿನವರು ಪಿಚ್ಚುಕ ಮೀದ ಬ್ರಹ್ಮಾಸ್ತ್ರಂ ಅಂತಾರೆ. ಎರಡು ಭಾಷೆಯಲ್ಲೂ ಈ ಗಾದೆ ಆಡಿದ್ದೆ. ಅರ್ಥವಾದದ್ದು ಆ ದಿನ.

ಅಂದಿನಿಂದ ಹಿತ್ತಲಿಗೆ ಔಷಧಿ ತರುವುದು ಬಿಟ್ಟೆ. ಕರಿಬೇವು, ನಿಂಬೆಗೆ ಬೀಳುವ ಹಸಿರು ಹುಳ ಮುಂದೆ ಚಿಟ್ಟೆಯಾಗುವಂಥದು. ನಾಲ್ಕು ಎಲೆ ತಿಂದರೆ ಗಿಡ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಅದೇ ಎಲೆ ನಮ್ಮ ಸಾರಿಗೂ ಬೀಳುತ್ತದಲ್ಲ, ವಿಷ ಯಾಕೆ ಬೇಕು?

ಪೇಟೆಯಲ್ಲಿ ಮನೆ ಮಾಡಿರುವ ರೈತರಿಗೆ, ಅಂಗಡಿಯವರಿಗೆ ನಾನು ಹೇಳುವುದು ಇಷ್ಟು. ಕರಿಬೇವಿನ ಕಪ್ಪು ಹಣ್ಣಿಗೆ ಪಿಕಳಾರ, ಕೋಗಿಲೆ ಬರುತ್ತವೆ. ದಾಸವಾಳದ ಜೇನಿಗೆ ಸೂರಕ್ಕಿ ಬರುತ್ತದೆ. ಜಾಗವಿದ್ದರೆ ಗಸಗಸೆ ಹಣ್ಣಿನ ಒಂದು ಮರ ಹಾಕಿರಿ, ಅಳಿಲಿಗೂ ಹಬ್ಬ. ಉದುರಿದ ಎಲೆಯನ್ನು ಪೂರ್ತಿ ಗುಡಿಸಬೇಡಿ, ಅದರಡಿಯ ಹುಳಕ್ಕೆ ಕಪ್ಪೆ, ಓತಿಕ್ಯಾತ ಬರುತ್ತವೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡಂಗುಲ ನೀರು, ನಡುವೆ ಒಂದು ಕಲ್ಲು ಇಡಿ. ದಿನಾ ನೀರು ಬದಲಿಸಿದರೆ ಸೊಳ್ಳೆ ಹುಟ್ಟುವುದಿಲ್ಲ.

ಗುಬ್ಬಿ ಡಬ್ಬಿಯ ತೂತು ಒಂದೂಕಾಲರಿಂದ ಒಂದೂವರೆ ಇಂಚು ಇರಲಿ. ದೊಡ್ಡದಾದರೆ ಬೇರೆ ಹಕ್ಕಿ ನುಗ್ಗುತ್ತದೆ. ಎಂಟು ಹತ್ತು ಅಡಿ ಮೇಲೆ, ಬೆಕ್ಕು ಹತ್ತದ ಕಡೆ, ಮಧ್ಯಾಹ್ನದ ಬಿಸಿಲು ಬೀಳದ ಗೋಡೆಗೆ ಹೊಡೆಯಿರಿ. ಮರಿಗಳು ಗೂಡಿನಲ್ಲಿರುವುದು ಸುಮಾರು ಎರಡು ವಾರ. ಅಷ್ಟು ದಿನ ಡಬ್ಬಿಯ ತಂಟೆಗೆ ಹೋಗಬೇಡಿ.

2010ರಿಂದ ಮಾರ್ಚ್ 20ರಂದು ವಿಶ್ವ ಗುಬ್ಬಚ್ಚಿ ದಿನ ನಡೆಯುತ್ತಿದೆ. ಆ ದಿನ ಹಿಡಿ ಕಾಳು ಚೆಲ್ಲಿ ಮರೆಯುವವರೇ ಹೆಚ್ಚು. ಅದಕ್ಕಿಂತ ಹಿತ್ತಲಲ್ಲಿ ಔಷಧಿ ಹೊಡೆಯದೆ ಒಂದು ವರ್ಷ ಬಿಟ್ಟು ನೋಡಿ.

ನಮ್ಮ ಡಬ್ಬಿ ಎರಡು ವರ್ಷ ಖಾಲಿ ಇತ್ತು. ಮೂರನೇ ವರ್ಷ ಒಂದು ಜೋಡಿ ಬಂತು. ಗಂಡು ಗುಬ್ಬಿ ಕರಿಬೇವಿನಿಂದ ಹಸಿರು ಹುಳ ಕಚ್ಚಿಕೊಂಡು ಹಾರಿದ್ದನ್ನು ಪಕ್ಕದ ಮನೆಯ ಹತ್ತಿ ವ್ಯಾಪಾರಿ ಶೆಟ್ಟರು ಕಾಂಪೌಂಡಿನ ಮೇಲಿಂದ ನೋಡಿದರು. "ಅಣ್ಣಾ, ನಿಮ್ಮ ಔಷಧಿ ಖರ್ಚು ಉಳೀತು ನೋಡ್ರಿ" ಅಂದರು. ಮರುದಿನ ಅವರೂ ಒಂದು ಡಬ್ಬಿ ಕೇಳಿದರು.