ದೋಣಿ ಎಂಜಿನ್ನಿನ ತಂಪುನೀರು

ಕರಾವಳಿಯ ನಾಡದೋಣಿಗಳಿಗೆ ಅಳವಡಿಸುವ ಔಟ್‌ಬೋರ್ಡ್ ಎಂಜಿನ್ ಸಮುದ್ರದ ನೀರನ್ನೇ ಹೀರಿ ತಂಪಾಗುತ್ತದೆ. ನೀರನ್ನು ಮೇಲೆತ್ತುವುದು ಇಂಪೆಲ್ಲರ್ ಎಂಬ ಪುಟ್ಟ ರಬ್ಬರ್ ಚಕ್ರ. ನೀರಿಲ್ಲದೆ ಚಾಲನೆ ಮಾಡಿದರೆ ಅಲ್ಪಕಾಲದಲ್ಲೇ ಅದರ ಎಸಳುಗಳು ಸುಟ್ಟು ಹರಿಯುತ್ತವೆ. ದಡದಲ್ಲಿ ‘ಒಮ್ಮೆ ಸ್ಟಾರ್ಟ್ ಮಾಡಿ ನೋಡುವ’ ಅಭ್ಯಾಸ ದುಬಾರಿಯಾಗುವುದು ಹೀಗೆ. ಹರಿದ ತುಣುಕುಗಳು ನೀರಿನ ಮಾರ್ಗದಲ್ಲಿ ಸಿಲುಕುವುದರಿಂದ ಹೊಸ ಇಂಪೆಲ್ಲರ್ ಹಾಕಿದರಷ್ಟೇ ಸಾಲದು, ಅವನ್ನೂ ಹುಡುಕಿ ತೆಗೆಯಬೇಕು.

ಎಂಜಿನ್ ಓಡುವಾಗ ಹಿಂಬದಿಯ ಸಣ್ಣ ರಂಧ್ರದಿಂದ ಚಿಮ್ಮುವ ಧಾರೆ ಕ್ಷೀಣಿಸಿದರೆ ತಕ್ಷಣ ನಿಲ್ಲಿಸಿ, ನೀರು ಹೀರುವ ಜಾಲರಿಗೆ ಪ್ಲಾಸ್ಟಿಕ್ ಅಥವಾ ಪಾಚಿ ಅಂಟಿದೆಯೇ ಎಂದು ಪರೀಕ್ಷಿಸತಕ್ಕದ್ದು.

ಕಡಲಿನಿಂದ ಮರಳಿದಾಗಲೆಲ್ಲ ಎಂಜಿನ್ನಿನ ಕೆಳಭಾಗವನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಕೆಲವು ನಿಮಿಷ ಓಡಿಸಬೇಕು. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೇರಿಸುವ ಮುನ್ನ ಇದನ್ನು ಮರೆತರೆ, ಒಳಗೆ ಒಣಗಿದ ಉಪ್ಪು ಥರ್ಮೋಸ್ಟಾಟನ್ನು ಕಚ್ಚಿ ಹಿಡಿದು, ಹೊಸ ಋತುವಿನ ಮೊದಲ ದಿನಗಳ ಗಳಿಕೆ ದುರಸ್ತಿಗೇ ಹೋದೀತು.