ಕ್ಲಿಪ್ಪು ಬಿಚ್ಚಿದ ಮೇಲೂ ಒಂದು ತಂತಿ

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಸಾಗಿದರೆ ಸಿಗುವ ಕಮಲಾಪುರ ಹೆಸರಾಗಿರುವುದು ತನ್ನ ಕೆಂಪು ಬಾಳೆಹಣ್ಣಿನಿಂದ. ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡ ಮಕ್ಕಳಿಗೆ ಈ ಹಣ್ಣು ಒಂದು ವರವೇ ಸರಿ. ಕಡಕ್ ರೊಟ್ಟಿ, ಹುರಿದ ಶೇಂಗಾ, ಕಬ್ಬು ಎಲ್ಲವನ್ನೂ ದೂರವಿಡಬೇಕಾದ ದಿನಗಳಲ್ಲಿ ಈ ಮೆತ್ತನೆಯ ಹಣ್ಣಿಗೆ ಯಾವ ದಂತವೈದ್ಯರೂ ಅಡ್ಡಿ ಹೇಳುವುದಿಲ್ಲ. ತಿಂದ ಮೇಲೆ ಬಾಯಿ ತೊಳೆದರಾಯಿತು.

ಆ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಕ್ಲಿಪ್ಪು ಹಾಕಿಸಿದ್ದಾರೆ. ಅಲ್ಲಿಂದ ಎರಡು ವರ್ಷ, ತಿಂಗಳಿಗೊಮ್ಮೆ ಬಸ್ಸು ಹಿಡಿದು ಕಲಬುರಗಿಗೆ ಓಡಾಟ. ಹೋದಾಗಲೆಲ್ಲ ತಂದೆಗೆ ಒಂದು ದಿನದ ಕೆಲಸ ತಪ್ಪಿತು, ಮಗಳಿಗೆ ಒಂದು ದಿನದ ಪಾಠ ತಪ್ಪಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ಹಲ್ಲುಗಳು ಸಾಲಾಗಿ ನಿಂತವು. ಕ್ಲಿಪ್ಪು ಬಿಚ್ಚುವ ದಿನ ಮನೆಯವರೆಲ್ಲ ಹಬ್ಬಕ್ಕೆ ಹೊರಟವರಂತೆ ಹೊರಟರು. ವೈದ್ಯರು ಕ್ಲಿಪ್ಪು ತೆಗೆದು, ಕನ್ನಡಿ ತೋರಿಸಿ, ಇನ್ನು ಹಲ್ಲಿನ ಹಿಂಬದಿಗೆ ಒಂದು ತಂತಿ ಅಂಟಿಸಬೇಕು ಎನ್ನುತ್ತಾರೆ. ತಾಯಿ ಕೇಳುತ್ತಾಳೆ: "ಎರಡು ವರ್ಷ ಕಟ್ಟಿದ್ದು ಸಾಲಲಿಲ್ಲೇನ್ರೀ? ಮತ್ತ ಈ ಹೊಸಾ ತಂತಿ ಯಾಕ್ರೀ?"

ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಲು ವಸಡಿನ ಒಳಗೆ ಇಳಿಯಬೇಕು.

ಹಲ್ಲು ಮರೆಯದ ಹಳೆಯ ಜಾಗ

ಹಲ್ಲು ಎಲುಬಿನಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ನಾಟಿಕೊಂಡಿದೆ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್ ತೆರಪು ಇದೆ. ಆ ತೆರಪಿನಲ್ಲಿ ಸಾವಿರಾರು ಸೂಕ್ಷ್ಮ ತಂತುಗಳು ಹಲ್ಲನ್ನು ಎಲುಬಿಗೆ ಬಿಗಿದು ಹಿಡಿದಿವೆ. ಹೊರಸಿನ ಹುರಿ ಮಲಗಿದವರ ಭಾರವನ್ನು ತಾಳುವಂತೆ ಈ ತಂತುಗಳು ಅಗಿಯುವ ಭಾರವನ್ನು ತಾಳುತ್ತವೆ. ಕ್ಲಿಪ್ಪಿನ ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ತಳ್ಳಿದಾಗ, ಒತ್ತಡ ಬಿದ್ದ ಬದಿಯಲ್ಲಿ ಎಲುಬನ್ನು ಕರಗಿಸುವ ಜೀವಕೋಶಗಳು ಕೆಲಸಕ್ಕಿಳಿಯುತ್ತವೆ. ಎಳೆತ ಬಿದ್ದ ಬದಿಯಲ್ಲಿ ಹೊಸ ಎಲುಬು ಕಟ್ಟುವ ಜೀವಕೋಶಗಳು ಕೆಲಸ ಮಾಡುತ್ತವೆ. ಹೀಗೆ ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ಹಗ್ಗ ಕಟ್ಟಿ ಎಳೆದ ಹಾಗೆ ಇದು ಅವಸರದಿಂದ ಆಗುವ ಕೆಲಸವಲ್ಲ.

ಕ್ಲಿಪ್ಪು ತೆಗೆದ ದಿನ ಹಲ್ಲು ಹೊಸ ಜಾಗದಲ್ಲಿರುತ್ತದೆ, ಆದರೆ ತಂತುಗಳೆಲ್ಲ ಹೊಸ ಜಾಗಕ್ಕೆ ಒಗ್ಗಿರುವುದಿಲ್ಲ. ಬೇರಿನ ಸುತ್ತಲಿನ ತಂತುಗಳು ಮೂರು ನಾಲ್ಕು ತಿಂಗಳಲ್ಲಿ ಹೊಂದಿಕೊಳ್ಳುತ್ತವೆ. ವಸಡಿನಲ್ಲಿರುವ ಮೇಲುಭಾಗದ ತಂತುಗಳು ಮಾತ್ರ ಹಟಮಾರಿಗಳು. ನಾರ್ವೆಯ ಕಾರೆ ರೈಟಾನ್ ಎಂಬ ವಿಜ್ಞಾನಿ ನಾಯಿಗಳ ಹಲ್ಲನ್ನು ತಿರುಗಿಸಿ, ಅಲ್ಲಾಡದಂತೆ ಹಿಡಿದಿಟ್ಟು ಪರೀಕ್ಷಿಸಿದರು. 232 ದಿನ ಕಳೆದ ಮೇಲೂ ವಸಡಿನ ತಂತುಗಳು ಎಳೆದ ರಬ್ಬರಿನಂತೆ ಬಿಗಿದುಕೊಂಡೇ ಇದ್ದವು ಎಂದು 1959ರಲ್ಲಿ ಅವರು ವರದಿ ಮಾಡಿದರು. ಸೊಟ್ಟಗೆ ತಿರುಗಿದ್ದ ಹಲ್ಲು ಮತ್ತೆ ತಿರುಗಲು ಹವಣಿಸುವುದು ಇದರಿಂದಲೇ.

ಇದರ ಜೊತೆಗೆ ವಯಸ್ಸಿನ ಪ್ರಭಾವವೂ ಇದೆ. ಎಂದೂ ಕ್ಲಿಪ್ಪು ಹಾಕಿಸದವರಲ್ಲಿಯೂ ಕೆಳಗಿನ ಮುಂಬಲ್ಲುಗಳು ವರ್ಷ ಕಳೆದಂತೆ ಒತ್ತಾಗುತ್ತವೆ. ಇದಕ್ಕೆ ಬುದ್ಧಿಹಲ್ಲನ್ನು ದೂರುವುದು ರೂಢಿ. ಪಾಪ, ಅದರ ಮೇಲಿನ ಈ ಆರೋಪಕ್ಕೆ ಸಂಶೋಧನೆಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ರಿಟೇನರ್ ಬಿಟ್ಟು 20 ವರ್ಷವಾದವರ ಹಲ್ಲುಗಳನ್ನು ಪರೀಕ್ಷಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಳಗಿನ ಮುಂಬಲ್ಲಿನ ಸಾಲು ಒಪ್ಪುವಂತೆ ಉಳಿದಿದ್ದುದು ಹತ್ತರಲ್ಲಿ ಒಬ್ಬರಲ್ಲಿ ಮಾತ್ರ! ಎರಡು ವರ್ಷದ ಬಸ್ಸಿನ ಓಡಾಟವನ್ನು ಲೆಕ್ಕ ಹಾಕುವ ಪಾಲಕರಿಗೆ ಈ ಅಂಕಿ ಸಾಕು.

ಅಂಟಿದ್ದು ಹೇಗೆ?

ಹಲ್ಲನ್ನು ಸರಿಪಡಿಸುವ ಆಸೆ ಹೊಸದೇನಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬಾತ, ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಮೂಡಿದರೆ ಹಾಲುಹಲ್ಲನ್ನು ಕೀಳಿಸಿ, ಹೊಸದನ್ನು ದಿನವೂ ಬೆರಳಿನಿಂದ ಸ್ವಸ್ಥಾನಕ್ಕೆ ಒತ್ತಬೇಕೆಂದು ಬರೆದಿದ್ದಾನೆ. ಸರಿಯಾದ ಹಲ್ಲನ್ನು ಸರಿಯಾಗಿಯೇ ನಿಲ್ಲಿಸುವುದು ಬೇರೆ ಕಷ್ಟ. 1919ರಲ್ಲಿ ಚಾರ್ಲ್ಸ್ ಹಾಲಿ ಎಂಬ ಅಮೆರಿಕದ ವೈದ್ಯ ಅಂಗುಳಿಗೆ ಕೂರುವ, ತೆಗೆದು ಹಾಕಬಹುದಾದ ತಂತಿಯ ತಟ್ಟೆಯನ್ನು ಬಳಕೆಗೆ ತಂದರು. ಅದು ಇಂದಿಗೂ ಚಾಲ್ತಿಯಲ್ಲಿದೆ. ಆದರೆ ತೆಗೆದು ಹಾಕಬಹುದಾದ ವಸ್ತುವನ್ನು ಮಕ್ಕಳು ತೆಗೆದೇ ಇಡುತ್ತಾರೆ. ಊಟದ ಹೊತ್ತಿಗೆ ಕಾಗದದಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿ ಸೇರುವುದೂ ಉಂಟು.

ಹಲ್ಲಿಗೇ ಅಂಟಿಸುವ ದಾರಿ ತೆರೆದದ್ದು 1955ರಲ್ಲಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದ ಮೈಕಲ್ ಬುವೊನೊಕೋರ್ ಅವರಿಗೆ ಒಂದು ಸಂಗತಿ ಗೊತ್ತಿತ್ತು: ಕಾರ್ಖಾನೆಗಳಲ್ಲಿ ಬಣ್ಣ ಚೆನ್ನಾಗಿ ಹಿಡಿಯಲೆಂದು ಲೋಹದ ಮೇಲೆ ಫಾಸ್ಫಾರಿಕ್ ಆಮ್ಲ ಸವರುತ್ತಾರೆ. ಅದನ್ನೇ ಹಲ್ಲಿನ ಮೇಲೆ ಪ್ರಯೋಗಿಸಿದರು. ಗೌಂಡಿ ನುಣುಪು ಗೋಡೆಗೆ ಗಿಲಾವು ಮಾಡುವ ಮೊದಲು ಅದನ್ನು ಒರಟು ಮಾಡುವುದಿಲ್ಲವೇ? ಆಮ್ಲ ಮಾಡುವುದೂ ಅದೇ ಕೆಲಸ. ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದ ಸಣ್ಣ ಗುಳಿಗಳಾಗುತ್ತವೆ, ಅಂಟು ಅವುಗಳೊಳಗೆ ಇಳಿದು ಗಟ್ಟಿಯಾಗುತ್ತದೆ. 1970ರ ದಶಕದಲ್ಲಿ ನಾರ್ವೆಯ ಬ್ಯೋರ್ನ್ ಜಾಕ್ರಿಸನ್ ಮೊದಲಾದವರು ಇದೇ ಅಂಟಿನಿಂದ ಹಲ್ಲಿನ ಹಿಂಬದಿಗೆ ತಂತಿ ಕೂರಿಸುವ ಪದ್ಧತಿಯನ್ನು ಬೆಳೆಸಿದರು.

ಇಂದು ಈ ಕೆಲಸ ಹೆಚ್ಚೆಂದರೆ ಅರ್ಧ ತಾಸಿನದು. ಇಂಜೆಕ್ಷನ್ ಇಲ್ಲ, ನೋವಿಲ್ಲ. ಹಲ್ಲನ್ನು ಉಜ್ಜಿ, ಹತ್ತಿಯ ಸುರುಳಿ ಇಟ್ಟು ಒಣಗಿಸಿ, ಅರ್ಧ ನಿಮಿಷದಷ್ಟು ಆಮ್ಲ ಹಚ್ಚಿ ತೊಳೆಯುತ್ತಾರೆ. ಒಣಗಿದಾಗ ಆ ಭಾಗ ಸೀಮೆಸುಣ್ಣದಂತೆ ಬಿಳಿಚುತ್ತದೆ. ಕೆಲವು ಸಣ್ಣ ಉಕ್ಕಿನ ಎಳೆಗಳನ್ನು ಹೆಣೆದ, ಅರ್ಧ ಮಿಲಿಮೀಟರಿನಷ್ಟು ದಪ್ಪದ ತಂತಿಯನ್ನು ಸಾಮಾನ್ಯವಾಗಿ ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ ಆರು ಹಲ್ಲಿಗೆ ಇಟ್ಟು, ಒಂದೊಂದರ ಮೇಲೂ ಚುಕ್ಕೆಯಂತೆ ಅಂಟು ಹಾಕಿ ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣದು.

ನಮ್ಮ ಭಾಗದ ಪಾಲಕರು ಒಂದು ಮಾತು ತಿಳಿದಿರಬೇಕು. ಉತ್ತರ ಕರ್ನಾಟಕದ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಎಳವೆಯಲ್ಲಿ ಅದನ್ನು ಕುಡಿದ ಮಕ್ಕಳ ಹಲ್ಲಿನಲ್ಲಿ ಬಿಳಿ ಇಲ್ಲವೇ ಕಂದು ಕಲೆಗಳಿರುತ್ತವೆ. ಅಂಥ ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹೀಗಾಗಿ ಅಂಟು ಬೇಗ ಕಳಚಬಹುದು. ವೈದ್ಯರು ಅದಕ್ಕೆ ತಕ್ಕ ಉಪಾಯ ಮಾಡುತ್ತಾರಾದರೂ ಇಂಥ ಮಕ್ಕಳು ತಂತಿಯನ್ನು ಹೆಚ್ಚು ಜಾಗ್ರತೆಯಿಂದ ನೋಡಿಕೊಳ್ಳಬೇಕು.

ಮೊದಲ ಹದಿನೈದು ದಿನ

ಹೊಸ ತಂತಿಯನ್ನು ಮೊದಲು ಪತ್ತೆ ಮಾಡುವುದು ನಾಲಿಗೆ. ಪಾಠ ಕೇಳುವಾಗ, ಓದುವಾಗ, ನಿದ್ದೆ ಬರುವ ತನಕ ಅದು ಅಲ್ಲಿಗೇ ಹೋಗಿ ತಡವುತ್ತದೆ. ನಾಲಿಗೆಯ ತುದಿ ತುಸು ಉರಿಯಬಹುದು. ಒಂದೆರಡು ವಾರದಲ್ಲಿ ಮಿದುಳು ಈ ಹೊಸ ಅತಿಥಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ, ಕೈಗಡಿಯಾರ ಕಟ್ಟಿದ್ದು ಮರೆತುಹೋಗುವ ಹಾಗೆ. ಚುಚ್ಚುವ ತುದಿ ಇದ್ದರೆ ಮಾತ್ರ ಸಹಿಸಿಕೊಂಡು ಕೂರಬಾರದು, ವೈದ್ಯರು ನಿಮಿಷದಲ್ಲಿ ನುಣುಪು ಮಾಡಿಕೊಡುತ್ತಾರೆ.

ಮಾತಿನ ಚಿಂತೆ ಹಲವರಿಗೆ. ತ, ದ, ನ ಅಕ್ಷರಗಳಿಗೆ ವ್ಯಾಕರಣದಲ್ಲಿ ದಂತ್ಯ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವನ್ನು ಉಚ್ಚರಿಸುವಾಗ ನಾಲಿಗೆ ಮೇಲಿನ ಮುಂಬಲ್ಲಿನ ಹಿಂಬದಿಯನ್ನು ಮುಟ್ಟುತ್ತದೆ. ಮೇಲಿನ ಹಲ್ಲಿಗೆ ತಂತಿ ಅಂಟಿಸಿದರೆ ಈ ಅಕ್ಷರಗಳು ಕೆಲವು ದಿನ ತೊದಲಬಹುದು, ಕೆಳಗಿನದಾದರೆ ಅಷ್ಟೂ ಇಲ್ಲ. ದಿನಕ್ಕೊಂದು ಪಾಠ ಗಟ್ಟಿಯಾಗಿ ಓದಿದರೆ ಬೇಗ ಸರಿಹೋಗುತ್ತದೆ; ಅದರಿಂದ ಪರೀಕ್ಷೆಗೂ ಲಾಭ!

ಸ್ವಚ್ಛತೆಯೇ ಕಷ್ಟದ ವಿಷಯ. ನಾಲಿಗೆಯ ಕೆಳಗಿನ ಜೊಲ್ಲುಗ್ರಂಥಿಗಳ ಬಾಯಿ ತೆರೆಯುವುದು ಸರಿಯಾಗಿ ಕೆಳಗಿನ ಮುಂಬಲ್ಲಿನ ಹಿಂದೆ. ಗಡಸು ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರು ಕಟ್ಟುವಂತೆ, ಜೊಲ್ಲಿನಲ್ಲಿರುವ ಸುಣ್ಣದ ಅಂಶ ಹಲ್ಲಿನ ಕೊಳೆಯ ಮೇಲೆ ಕೂತು ಗಾರೆಯಾಗುತ್ತದೆ. ಅದೇ ಜಾಗದಲ್ಲಿ ತಂತಿಯೂ ಇದ್ದರೆ ಕೇಳಬೇಕೇ? ಬೇವಿನ ಕಡ್ಡಿ ಹೊರಬದಿಗೆ ಸಾಕಾದೀತು, ಒಳಬದಿಗೆ ಎಟುಕದು. ಸಣ್ಣ ತಲೆಯ ಬ್ರಷ್ಷನ್ನು ನೆಟ್ಟಗೆ ಹಿಡಿದು ಒಳಗಿನಿಂದ ಉಜ್ಜಬೇಕು. ಹಲ್ಲಿನ ಸಂದಿಗೆ ಬಳಸುವ ದಾರವನ್ನು ತಂತಿಯ ಕೆಳಗಿನಿಂದ ತೂರಿಸಲು ಸೂಜಿಯಂಥ ಪ್ಲಾಸ್ಟಿಕ್ ಕುಣಿಕೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಬಳಸುವುದನ್ನು ವೈದ್ಯರ ಎದುರಿಗೇ ಒಮ್ಮೆ ಮಾಡಿ ಕಲಿಯುವುದು ಒಳ್ಳೆಯದು. ಮೊದಲ ದಿನ ಹತ್ತು ನಿಮಿಷ ಹಿಡಿದದ್ದು ತಿಂಗಳೊಳಗೆ ಎರಡು ನಿಮಿಷಕ್ಕೆ ಇಳಿಯುತ್ತದೆ.

ಊಟದಲ್ಲಿ ನೆನಪಿಡಬೇಕಾದದ್ದು ಇಷ್ಟು: ಮುಂಬಲ್ಲಿನಿಂದ ಕಚ್ಚಿ ಎಳೆಯಬಾರದು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಉಣ್ಣುವಾಗ ಭಜ್ಜಿ, ಅಂಬಲಿಗೆ ಚಿಂತೆಯಿಲ್ಲ. ಸಜ್ಜೆಯ ಕಡಕ್ ರೊಟ್ಟಿಯನ್ನು ಮುರಿದು, ಭಜ್ಜಿಯಲ್ಲಿ ನೆನೆಸಿ, ದವಡೆಹಲ್ಲಿನಿಂದ ಅಗಿಯಬಹುದು. ಕಬ್ಬನ್ನು ಹಲ್ಲಿನಿಂದ ಸಿಗಿಯುವುದು, ಬಾರೆಹಣ್ಣಿನ ಬೀಜ ಕಡಿಯುವುದು, ಪೇರಲ ಹಣ್ಣನ್ನು ಇಡಿಯಾಗಿ ಕಚ್ಚುವುದು ಬೇಡ. ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸವಿರುವ ಪರೀಕ್ಷಾರ್ಥಿಗಳ ಬಗ್ಗೆ ಬೇರೆ ಹೇಳಬೇಕಿಲ್ಲ.

ಸದ್ದಿಲ್ಲದೆ ಕಳಚುವ ತಂತಿ

ಇಡೀ ವಿಷಯದಲ್ಲಿ ಅಪಾಯವಿರುವುದು ಇಲ್ಲಿ. ಆರು ಹಲ್ಲುಗಳಲ್ಲಿ ಒಂದರ ಅಂಟು ಮಾತ್ರ ಬಿಟ್ಟರೆ ತಂತಿ ಬೀಳುವುದಿಲ್ಲ, ನೋವೂ ಆಗುವುದಿಲ್ಲ. ಐದು ಹಲ್ಲಿನ ಆಸರೆಯಲ್ಲಿ ಅದು ಮೊದಲಿನಂತೆಯೇ ಕಾಣುತ್ತದೆ. ಬಿಡುಗಡೆಯಾದ ಹಲ್ಲು ಮಾತ್ರ ತನ್ನ ಹಳೆಯ ದಾರಿ ಹಿಡಿಯುತ್ತದೆ. ಅಪರೂಪಕ್ಕೆ, ಬಾಗಿದ ತಂತಿ ಅಂಟಿಕೊಂಡಿರುವಾಗಲೇ ಹಲ್ಲನ್ನು ಬೇರೆ ದಿಕ್ಕಿಗೆ ತಳ್ಳುವುದೂ ಉಂಟು.

ಇನ್ನೊಂದು ಸಂಗತಿ ಇದಕ್ಕೆ ಕೂಡಿಕೊಳ್ಳುತ್ತದೆ. ನಮ್ಮ ಮಕ್ಕಳ ಕ್ಲಿಪ್ಪು ಬಿಚ್ಚುವ ವಯಸ್ಸೂ ಅವರು ಮನೆ ಬಿಡುವ ವಯಸ್ಸೂ ಬಹುಮಟ್ಟಿಗೆ ಒಂದೇ. ಪಿಯುಸಿಗೆಂದು ಹಾಸ್ಟೆಲ್ ಸೇರಿದ ಹುಡುಗಿಗೆ ಬಾಯಿ ತೆರೆದು ತೋರಿಸು ಎನ್ನಲು ಅಲ್ಲಿ ಯಾರಿದ್ದಾರೆ? ತಂತುಗಳು ಇನ್ನೂ ಎಳೆಯುತ್ತಿರುವ ಮೊದಲ ವರ್ಷವೇ ಹೀಗೆ ಕಣ್ತಪ್ಪಿ ಕಳೆಯುತ್ತದೆ. ಬೇಸಿಗೆ ರಜೆಗೆ ಬಂದಾಗ ತಾಯಿಯೇ ಗುರುತಿಸಬೇಕು, ಹಲ್ಲು ಮತ್ತೆ ಸೊಟ್ಟಗಾಗಿದೆ ಎಂದು. ಆಗ ತಂತಿ ಮತ್ತೆ ಅಂಟಿಸಿದರೂ ಸೊಟ್ಟ ಹಲ್ಲನ್ನು ಸೊಟ್ಟಗೇ ಹಿಡಿದಂತಾಗುತ್ತದೆ. ನೆಟ್ಟಗಾಗಬೇಕಾದರೆ ಕ್ಲಿಪ್ಪಿನ ಕೆಲಸ ಮತ್ತೆ ಮೊದಲಿನಿಂದ.

ಹಾಸ್ಟೆಲಿನಲ್ಲಿರುವವರು ವಾರಕ್ಕೊಮ್ಮೆ ತಲೆ ತೊಳೆಯುವ ದಿನವೇ ಇದನ್ನೂ ಮಾಡಬಹುದು. ಕೈ ತೊಳೆದು, ಬೆರಳುಗುರಿನಿಂದ ಒಂದೊಂದು ಅಂಟಿನ ಚುಕ್ಕೆಯ ಪಕ್ಕ ತಂತಿಯನ್ನು ಮೆಲ್ಲಗೆ ತಟ್ಟಿ ನೋಡುವುದು. ಅಲುಗಿದರೆ, ಟಿಕ್ ಎಂದರೆ, ಊಟದ ತುಣುಕು ಹೊಸದಾಗಿ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳತೊಡಗಿದರೆ ಅನುಮಾನಿಸಬೇಕು. ಕ್ಲಿಪ್ಪು ಬಿಚ್ಚಿದ ದಿನವೇ ಹಲ್ಲಿನ ಒಳಬದಿಯ ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸಲು ಅನುಕೂಲ. ಬಿಟ್ಟ ತಂತಿಯನ್ನು ಇಕ್ಕಳದಿಂದ ಕೀಳುವುದು, ಅಂಗಡಿಯ ಅಂಟು ಹಚ್ಚುವುದು ಎರಡೂ ತಪ್ಪು. ಮುಂದಿನ ರಜೆಯವರೆಗೆ ಕಾಯದೆ ಅದೇ ವಾರ ವಕ್ರದಂತ ಚಿಕಿತ್ಸಕರನ್ನು ಕಾಣಬೇಕು. ಚಿಕಿತ್ಸೆ ಮಾಡಿದವರೇ ಆಗಬೇಕೆಂದಿಲ್ಲ, ಚಿಕಿತ್ಸೆಯ ಚೀಟಿ ಜೊತೆಗಿದ್ದರೆ ಬೇರೆ ಊರಿನವರೂ ಸರಿಪಡಿಸಿಕೊಡುತ್ತಾರೆ. ಕಲಬುರಗಿಯಲ್ಲಿ ಓದುವವರಿಗೆ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಮಹಾವಿದ್ಯಾಲಯ, ಅಲ್-ಬದರ್ ಗ್ರಾಮೀಣ ದಂತ ಮಹಾವಿದ್ಯಾಲಯ ಹತ್ತಿರದಲ್ಲಿವೆ.

ಎಷ್ಟು ವರ್ಷ ಇರಬೇಕು ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಅಂಟಿಸಿದ ತಂತಿಯೋ, ತೆಗೆದು ಹಾಕುವ ತಟ್ಟೆಯೋ, ಯಾವುದು ಮೇಲು ಎಂದು ಖಚಿತವಾಗಿ ಹೇಳುವಷ್ಟು ಬಲವಾದ ಸಾಕ್ಷ್ಯವಿಲ್ಲವೆಂದು 2016ರ ಕಾಕ್ರೇನ್ ವಿಮರ್ಶೆ ಹೇಳಿತು. ವಸಡು ಆರೋಗ್ಯವಾಗಿದ್ದು, ಆರು ತಿಂಗಳಿಗೋ ವರ್ಷಕ್ಕೋ ತೋರಿಸಿಕೊಳ್ಳುತ್ತಿದ್ದರೆ ತಂತಿಯನ್ನು ಬಹುಕಾಲ ಉಳಿಸಿಕೊಳ್ಳಿ ಎಂದು ಅನೇಕ ವೈದ್ಯರು ಹೇಳುತ್ತಾರೆ. ಕೆಲವರು ಅದರ ಜೊತೆಗೆ ರಾತ್ರಿ ಮಾತ್ರ ಹಾಕಿಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ಕವಚವನ್ನೂ ಕೊಡುತ್ತಾರೆ. ಹಾಸ್ಟೆಲಿನಲ್ಲಿ ತಂತಿ ಒಂದು ಕಡೆ ಬಿಟ್ಟರೂ ವೈದ್ಯರನ್ನು ಕಾಣುವವರೆಗೆ ಆ ಕವಚ ಹಲ್ಲನ್ನು ತಡೆದಿರುತ್ತದೆ. ಟ್ರಂಕು ಕಟ್ಟುವಾಗ ಅದರ ಡಬ್ಬಿಯನ್ನೂ ಬ್ರಷ್ಷಿನ ಪಕ್ಕದಲ್ಲೇ ಇಡಬೇಕು, ಬಿಸಿನೀರಿನಲ್ಲಿ ಮಾತ್ರ ತೊಳೆಯಬಾರದು, ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ.